‘ಹರ್ ಸ್ಟೋರಿ’: ಆ ಹೆಂಗಸಿನ ಮಾತಿನ ಬೆನ್ನು ಹತ್ತಿ ಮೂರು ರಾತ್ರಿ

ಈ ವಿಡಿಯೊ ಗೇಮ್ ತೆರೆದರೆ ತೊಂಬತ್ತರ ದಶಕದ ಹಳೇ ಕಂಪ್ಯೂಟರ್ ಪರದೆ. ಹುಡುಕುವ ಜಾಗದಲ್ಲಿ ಆಗಲೇ ‘ಮರ್ಡರ್’ ಅಂತ ಟೈಪ್ ಆಗಿ ಕೂತಿತ್ತು. ಎಂಟರ್ ಒತ್ತಿದೆ. ಆ ಪದ ಆಡಿದ ನಾಲ್ಕು ವಿಡಿಯೊ ತುಣುಕು ಬಂದವು. ನಾಲ್ಕರಲ್ಲೂ ಒಬ್ಬಳೇ ಹೆಂಗಸು, ಪೊಲೀಸರ ಮುಂದೆ ಕೂತು ಉತ್ತರ ಕೊಡ್ತಿದ್ದಾಳೆ. ಪ್ರಶ್ನೆ ಏನು ಅಂತ ಕೇಳಿಸೋದೇ ಇಲ್ಲ.

ಸ್ಯಾಮ್ ಬಾರ್ಲೊ 2015ರಲ್ಲಿ ತಂದ ಆಟ ಇದು. ಆ ಹೆಂಗಸಾಗಿ ನಟಿಸಿದ್ದು ವಿವಾ ಸೈಫರ್ಟ್. ಕಥೆಯಲ್ಲಿ, 1994ರಲ್ಲಿ ಇಂಗ್ಲೆಂಡಿನ ಪೊಲೀಸರು ಹ್ಯಾನಾ ಎಂಬಾಕೆಯನ್ನು ಏಳು ಸಲ ಕೂರಿಸಿ ವಿಚಾರಿಸಿದ್ದಾರೆ. ಗಂಡ ಸೈಮನ್ ಕಾಣೆಯಾಗಿದ್ದಾನೆ ಅಂತ ದೂರು ಕೊಡಲು ಬಂದವಳು ಅವಳೇ. ಆಮೇಲೆ ಹೆಣ ಸಿಕ್ಕಿದೆ, ಸಂಶಯ ಅವಳ ಕಡೆಗೇ ತಿರುಗಿದೆ. ಆ ವಿಚಾರಣೆಗಳೇ 271 ಚೂರಾಗಿ ನಮ್ಮ ಮುಂದಿರೋದು. (ಆಡದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಗುಟ್ಟು ಬಿಡ್ತೀನಿ.)

ಮೊದಲ ರಾತ್ರಿ ಪೂರ್ತಿ ದಂಡ. ‘ಹಸ್ಬೆಂಡ್’, ‘ಬಾಡಿ’, ‘ಬ್ಲಡ್’ ಅಂತ ಪತ್ತೇದಾರನ ಪದಗಳನ್ನೇ ಹಾಕ್ತಾ ಕೂತೆ. ಆಟದ ಕಿತಾಪತಿ ಏನೆಂದರೆ, ಒಂದು ಪದಕ್ಕೆ ಎಷ್ಟೇ ತುಣುಕು ಸಿಕ್ಕರೂ ತಾರೀಕಿನ ಪ್ರಕಾರ ಮೊದಲ ಐದನ್ನಷ್ಟೇ ನೋಡೋಕೆ ಬಿಡುತ್ತೆ. ‘ಸೈಮನ್’ ಅಂದರೆ ಶುರುವಿನ ದಿನಗಳ ಸಭ್ಯ ಉತ್ತರಗಳೇ ಬರ್ತವೆ. ಅವಳು ಬಾಯಿ ಬಿಡೋದು ಕೊನೇ ದಿನಗಳಲ್ಲಿ, ಅವು ಸಾಲಿನ ಬಾಲದಲ್ಲಿ.

ಎರಡನೇ ರಾತ್ರಿ ಶಾಲೆಯ ಉದ್ದ ನೋಟ್‌ಬುಕ್ ಹಿಡಿದು ಕೂತೆ. ಎಡಕ್ಕೆ ತಾರೀಕು, ನಡುವೆ ಅವಳು ಬಾಯ್ತಪ್ಪಿ ಆಡಿದ ವಿಚಿತ್ರ ಪದ, ಬಲಕ್ಕೆ ಅವಳು ಕಾಣಿಸಿದ ರೀತಿ. ಎಲ್ಲರೂ ಆಡುವ ಪದ ಬಿಟ್ಟು ಅವಳೊಬ್ಬಳೇ ಆಡುವ ಪದ ಹಾಕೋದು, ಇಲ್ಲವೇ ಎರಡು ಪದ ಜೋಡಿಸೋದು. ಇಂಗ್ಲಿಷ್ ಕೂಡ ಅವಳದ್ದೇ ಆಗಿರಬೇಕು. ನಾನು ‘ಬೇಸ್‌ಮೆಂಟ್’ ಅಂತ ಒದ್ದಾಡ್ತಿದ್ದೆ, ಅವಳಿಗೆ ಅದು ‘ಸೆಲ್ಲರ್’. ಉತ್ತರ ಕೇಳಿ ಪ್ರಶ್ನೆ ಊಹಿಸೋದು ಇನ್ನೊಂದು ಕಸರತ್ತು. ಫೋನಿನಲ್ಲಿ ಅಮ್ಮ ಯಾರ ಜೊತೆಗೋ ಮಾತಾಡುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಹಾಗೆ.

ಆಗಿನ ನನ್ನ ತೀರ್ಮಾನ: ಇವಳು ಸುಳ್ಳುಬುರುಕಿ. ಪುಟದ ತುಂಬಾ ‘ಸುಳ್ಳು’, ‘ಸುಳ್ಳು’ ಅಂತ ಕೆಂಪು ಪೆನ್ನಲ್ಲಿ ಗೀಚಿದ್ದೆ. ಒಂದು ದಿನ ಹೇಳಿದ್ದಕ್ಕೂ ಇನ್ನೊಂದು ದಿನ ಹೇಳಿದ್ದಕ್ಕೂ ತಾಳೆ ಇಲ್ಲ. ಒಮ್ಮೆ ಬಿಗಿಯಾಗಿ ಕೂತವಳು ಇನ್ನೊಮ್ಮೆ ಗಿಟಾರ್ ಹಿಡಿದು ಹಾಡ್ತಾಳೆ.

ಮೂರನೇ ರಾತ್ರಿ ಬಲಗಡೆಯ ಕಾಲಮ್ಮನ್ನಷ್ಟೇ ಮೇಲಿಂದ ಕೆಳಕ್ಕೆ ಓದಿದೆ. ಕೂದಲ ಕಟ್ಟು, ಬಟ್ಟೆ, ತೋಳಿನ ಹಚ್ಚೆ. ಸುಳ್ಳು ಅಂತ ಬರೆದಿದ್ದ ಸಾಲುಗಳನ್ನು ಎರಡು ಗುಂಪಾಗಿ ಬೇರೆ ಹಾಳೆಗೆ ಇಳಿಸಿದೆ. ಒಂದೊಂದು ಗುಂಪಿನೊಳಗೆ ಜಗಳವೇ ಇರಲಿಲ್ಲ! ಒಂದು ಹ್ಯಾನಾಳದು, ಇನ್ನೊಂದು ಈವ್ ಎಂಬುವಳದು. ಎರಡು ಹೆಸರನ್ನೂ ಇಂಗ್ಲಿಷಿನಲ್ಲಿ ಹಿಂದಿನಿಂದ ಓದಿದರೂ ಅದೇ ಹೆಸರು ಅನ್ನೋದು ಆಗ ಹೊಳೆದು ಮೈ ಜುಮ್ಮೆಂದಿತು. ನಮ್ಮ ‘ವಿಕಟಕವಿ’ ಇದ್ದ ಹಾಗೆ.

ಅವಳಿ ಜವಳಿಯೋ, ಒಂದೇ ತಲೆಯೊಳಗಿನ ಇಬ್ಬರೋ? ಆಟ ತೀರ್ಪು ಕೊಡಲ್ಲ. ಆಡಿದವರು ಇವತ್ತಿಗೂ ಎರಡು ಬಣ. ನಾನು ಅವಳಿ ಅನ್ನುವ ಕಡೆ. ಆದರೆ ಸುಳ್ಳು ಪತ್ತೆ ಯಂತ್ರ ಕಟ್ಟಿಕೊಂಡು ಚುಟುಕಾಗಿ ಉತ್ತರ ಕೊಡುವ ಆ ವಿಚಾರಣೆ ನೋಡಿದಾಗಲೆಲ್ಲ ಸ್ವಲ್ಪ ಅಲುಗಾಡ್ತೀನಿ.

ಮೊನ್ನೆ ತಂಗಿಗೆ ಆಡಲು ಕೊಟ್ಟೆ, ಏನೂ ಹೇಳದೆ. ಸೈಮನ್ ಗಾಜಿನ ಕೆಲಸದವನು ಅಂತ ಗೊತ್ತಾದ ತಕ್ಷಣ ಅವಳು ‘ಮಿರರ್’ ಅಂತ ಟೈಪ್ ಮಾಡಿದಳು. ಆ ಪದ ನನ್ನ ನೋಟ್‌ಬುಕ್ಕಿನಲ್ಲಿ ಇರೋದು ಹನ್ನೊಂದನೇ ಪುಟದಲ್ಲಿ.