ಹಳೇ ಕಂಪ್ಯೂಟರ್‌ಗೆ ಹೊಸ ವಿಂಡೋಸ್: ಪರ್ಸ್ ತೆಗೆಯುವ ಮೊದಲು ಬಯಾಸ್ ನೋಡಿ

‘ಈ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ನಡೆಯುವುದಿಲ್ಲ’ ಅಂತ ತೆರೆ ಮೇಲೆ ಬಂದಿದ್ದೇ ತಡ, ಜನ ಹೊಸ ಲ್ಯಾಪ್‌ಟಾಪ್ ಹುಡುಕಲು ಶುರು ಮಾಡುತ್ತಾರೆ. ಇಲ್ಲವೇ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ವಿಂಡೋಸ್ ಲೈಸೆನ್ಸ್ ಕೀ ಕೊಳ್ಳುತ್ತಾರೆ. ಎರಡೂ ಬೇಡ. ನಿಮ್ಮ ವಿಂಡೋಸ್ 10 ಅಸಲಿಯಾಗಿದ್ದು, ಯಂತ್ರ ತಕ್ಕಮಟ್ಟಿಗೆ ಹೊಸದಾಗಿದ್ದರೆ 11 ಪುಕ್ಕಟೆ ಸಿಗುತ್ತದೆ. ಕೀ ಕೇಳುವುದೇ ಇಲ್ಲ. ಆ ಅಗ್ಗದ ಕೀಗಳಲ್ಲಿ ಎಷ್ಟೋ ಯಾವುದೋ ಕಂಪನಿಗೆಂದು ಕೊಟ್ಟ ಸಗಟು ಲೈಸೆನ್ಸ್‌ಗಳು, ಯಾವಾಗ ಬೇಕಾದರೂ ರದ್ದಾಗಬಹುದು. ಕೀ ಇಲ್ಲದೆ ವಿಂಡೋಸನ್ನು ಅಸಲಿಯಂತೆ ತೋರಿಸುವ ‘ಆಕ್ಟಿವೇಟರ್’ ಅಂತೂ ವೈರಸ್ಸನ್ನು ಕೈಯಾರೆ ಒಳಗೆ ಕರೆದಂತೆ.

ಮೊದಲು ಫೋಟೊ, ಫೈಲುಗಳನ್ನೆಲ್ಲ ಬೇರೆ ಡ್ರೈವ್‌ಗೆ ಹಾಕಿಕೊಳ್ಳಿ. ಆಮೇಲೆ ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಓಡಿಸಿ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು, ಎಎಂಡಿ ಆದರೆ ರೈಜನ್ 2000 ಸರಣಿ ಅಥವಾ ಅದರ ಮುಂದಿನದು ಇರಬೇಕು. ಪ್ರೊಸೆಸರ್ ಸರಿಯಿದ್ದು ‘ಟಿಪಿಎಂ 2.0 ಇಲ್ಲ’ ಎಂದರೆ ಗಾಬರಿ ಬೇಡ. ಟಿಪಿಎಂ ಅಂದರೆ ಕಂಪ್ಯೂಟರಿನ ಭದ್ರತಾ ವ್ಯವಸ್ಥೆ. ಅದು ಒಳಗೇ ಇದ್ದು, ಆಫ್ ಆಗಿರುವುದೇ ಜಾಸ್ತಿ. ಆನ್ ಮಾಡುವುದು ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಮೂಲ ಸೆಟ್ಟಿಂಗ್‌ನಲ್ಲಿ.

ಜನ ಎಡವುವುದು ಇಲ್ಲೇ. ಬಯಾಸ್‌ಗೆ ಕೈ ಹಾಕುವ ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯಾ ನೋಡಿ. ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಅದೇ ಕಂಪ್ಯೂಟರಿನಲ್ಲಿ ಸೇವ್ ಮಾಡಿಟ್ಟರೆ ಏನು ಪ್ರಯೋಜನ, ಅಲ್ವಾ? ಕಂಪ್ಯೂಟರ್ ಆನ್ ಮಾಡುತ್ತಲೇ ಎಫ್2 ಅಥವಾ ಡಿಲೀಟ್ ಒತ್ತಿದರೆ ಸಾಮಾನ್ಯವಾಗಿ ಬಯಾಸ್ ತೆರೆಯುತ್ತದೆ. ‘ಸೆಕ್ಯುರಿಟಿ’ ಅಥವಾ ‘ಅಡ್ವಾನ್ಸ್ಡ್’ ಒಳಗೆ ಹುಡುಕಿ. ಟಿಪಿಎಂ ಅಂತಲೇ ಹೆಸರಿರುತ್ತದೆ ಎಂದುಕೊಳ್ಳಬೇಡಿ: ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿ, ಸೇವ್ ಮಾಡಿ, ಹೊರಗೆ ಬನ್ನಿ. ಪಕ್ಕದಲ್ಲಿ ‘ಕ್ಲಿಯರ್ ಟಿಪಿಎಂ’ ಕಂಡರೆ ಮುಟ್ಟಬೇಡಿ.

ಬಯಾಸ್ ‘ಲೆಗಸಿ’ (ಕಂಪ್ಯೂಟರ್ ಏಳುವ ಹಳೇ ವಿಧಾನ) ಎಂದು ತೋರಿಸಿದರೆ, 11ಕ್ಕೆ ಬೇಕಾದ ಹೊಸ ವಿಧಾನವಾದ ಯುಇಎಫ್‌ಐಗೆ ಸುಮ್ನೆ ತಿರುಗಿಸಬೇಡಿ, ವಿಂಡೋಸ್ ಏಳುವುದೇ ಇಲ್ಲ. ಮೊದಲು ಡಿಸ್ಕನ್ನು ವಿಭಾಗಿಸುವ ಮಾದರಿಯನ್ನು ಹಳೇ ಎಂಬಿಆರ್‌ನಿಂದ ಹೊಸ ಜಿಪಿಟಿಗೆ ಬದಲಿಸಬೇಕು. ಅದಕ್ಕೆ ವಿಂಡೋಸ್‌ನಲ್ಲೇ ‘ಎಂಬಿಆರ್2ಜಿಪಿಟಿ’ ಇದೆ, ಫೈಲ್ ಅಳಿಸುವುದಿಲ್ಲ. ಹಾಗಿದ್ದೂ ಬ್ಯಾಕಪ್ ಇಲ್ಲದೆ ಇದನ್ನು ಮಾಡಲೇಬೇಡಿ. ದುಡ್ಡು ಕೊಟ್ಟು ಬೇರೆ ಸಾಫ್ಟ್‌ವೇರ್ ಕೊಳ್ಳುವುದೂ ದಂಡ.

ಉಳಿದದ್ದು ಸುಲಭ: ಸೆಟ್ಟಿಂಗ್ಸ್, ಅಪ್‌ಡೇಟ್, ಡೌನ್‌ಲೋಡ್. ಇಷ್ಟವಾಗದಿದ್ದರೆ 10 ದಿನದೊಳಗೆ ಹಳೇ ವಿಂಡೋಸ್‌ಗೆ ವಾಪಸ್ ಹೋಗಬಹುದು.

ಪ್ರೊಸೆಸರ್ರೇ ಹಳೆಯದಾದರೆ? ತಪಾಸಣೆ ತಪ್ಪಿಸಿ 11 ಹಾಕುವ ಕಳ್ಳದಾರಿಗಳಿವೆ. ನಾನಂತೂ ಬೇಡ ಎನ್ನುತ್ತೇನೆ. ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುತ್ತಲೇ ಇರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10ರ ಉಚಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರ ಬದಲು ಲಿನಕ್ಸ್ ಮಿಂಟ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿ, ಪೂರ್ತಿ ಉಚಿತ, 4 ಜಿಬಿ ರ‍್ಯಾಮ್ ಸಾಕು. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ವೈಫೈ, ಪ್ರಿಂಟರ್ ಎರಡೂ ಕೆಲಸ ಮಾಡುತ್ತವಾ ನೋಡಿ. ಮಾಡದಿದ್ದರೆ ಶಟ್‌ಡೌನ್ ಮಾಡಿ ಪೆನ್‌ಡ್ರೈವ್ ತೆಗೆದರಾಯಿತು, ಡಿಸ್ಕ್‌ನಲ್ಲಿರುವುದು ಹಾಗೇ ಇರುತ್ತದೆ.