ಎಐ ಸುರಕ್ಷತೆಗೆ ದೇಣಿಗೆ: ನಾನು ಆರಿಸೋದು ಹೀಗೆ

ಎಐ ಸುರಕ್ಷತೆಯ ಸಂಶೋಧನೆಗೆ, ಅಂದರೆ ಕೃತಕ ಬುದ್ಧಿಮತ್ತೆ ಮನುಷ್ಯರಿಗೆ ಅಪಾಯವಾಗದಂತೆ ನೋಡಿಕೊಳ್ಳುವ ಕೆಲಸಕ್ಕೆ, ಪ್ರತಿ ವರ್ಷ ಒಂದಿಷ್ಟು ದುಡ್ಡು ಎತ್ತಿಡುತ್ತೇನೆ. ದೊಡ್ಡ ಮೊತ್ತವೇನಲ್ಲ. ಕೊಡೋದು ಸುಲಭ, ಯಾರಿಗೆ ಅನ್ನೋದೇ ಕಷ್ಟ. ಸೊಳ್ಳೆಪರದೆ ಹಂಚುವವರಿಗೆ ಕೊಟ್ಟರೆ ಎಷ್ಟು ಪರದೆ ಹೋಯಿತು ಅಂತ ಎಣಿಸಬಹುದು. ಇಲ್ಲಿ ಎಣಿಸೋಕೆ ಏನಿದೆ ಹೇಳಿ?

ಹಾಗಾಗಿ ನಾನು ಮೊದಲು ಕೇಳಿಕೊಳ್ಳೋದು ಒಂದೇ ಪ್ರಶ್ನೆ: ನಾನು ಕೊಡದಿದ್ದರೆ ಇವರ ಯಾವ ಕೆಲಸ ನಿಲ್ಲುತ್ತದೆ?

ಇದಕ್ಕೆ ಅರ್ಧ ಉತ್ತರ ಲೆಕ್ಕಪತ್ರದಲ್ಲೇ ಸಿಗುತ್ತದೆ. ಅಮೆರಿಕದ ಬಹುತೇಕ ಲಾಭರಹಿತ ಸಂಸ್ಥೆಗಳು ವರ್ಷವರ್ಷ ತೆರಿಗೆ ಇಲಾಖೆಗೆ ಫಾರ್ಮ್ 990 ಎಂಬ ಲೆಕ್ಕದ ವರದಿ ಕೊಡಬೇಕು. ಸುದ್ದಿಸಂಸ್ಥೆ ಪ್ರೋಪಬ್ಲಿಕಾದ ಜಾಲತಾಣ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್‌ನಲ್ಲಿ ಅದನ್ನು ಪುಕ್ಕಟೆ ನೋಡಬಹುದು. ನಾನು ನೋಡೋದು ಮೊದಲ ಪುಟದ ಎರಡೇ ಸಾಲು. 18ನೇ ಸಾಲಿನಲ್ಲಿ ವರ್ಷದ ಒಟ್ಟು ಖರ್ಚು, 22ರಲ್ಲಿ ವರ್ಷದ ಕೊನೆಗೆ ಕೈಯಲ್ಲಿ ಉಳಿದ ನಿವ್ವಳ ಆಸ್ತಿ. 22ನೇ ಸಾಲಿನ ಮೊತ್ತವನ್ನು 18ನೇ ಸಾಲಿನ ಮೊತ್ತದಿಂದ ಭಾಗಿಸಿ. ಹೊಸ ದುಡ್ಡು ಬರದಿದ್ದರೂ ಸಂಸ್ಥೆ ಎಷ್ಟು ವರ್ಷ ನಡೆಯುತ್ತದೆ ಅಂತ ಸುಮಾರಾಗಿ ಗೊತ್ತಾಗುತ್ತದೆ. ಎರಡು ವರ್ಷ ದಾಟಿದರೆ ನಾನು ಮುಂದಿನ ಹೆಸರಿಗೆ ಹೋಗುತ್ತೇನೆ. ತುಂಬಿದ ಕೆರೆಗೆ ಬಿಂದಿಗೆ ನೀರು ಹೊತ್ತು ಏನು ಪ್ರಯೋಜನ? ಆದರೆ ಈ ಫಾರ್ಮ್ ಹಳೇ ಸುದ್ದಿ. ಕೆಲವೊಮ್ಮೆ ವರ್ಷಕ್ಕೂ ಜಾಸ್ತಿ ಹಿಂದಿನದು. ಅದಕ್ಕೇ ಸಂಸ್ಥೆಗೊಂದು ಮೇಲ್ ಹಾಕಿ, "ಇನ್ನಷ್ಟು ಹಣ ಬಂದರೆ ಏನು ಮಾಡ್ತೀರಿ?" ಅಂತ ಕೇಳುತ್ತೇನೆ. ಒಂದು ಕಡೆಯಿಂದ ಬಂದದ್ದು ಬರೀ ಥ್ಯಾಂಕ್ಸ್ ಮತ್ತು ದೇಣಿಗೆ ಪುಟದ ಲಿಂಕ್. ಅವರನ್ನು ಪಟ್ಟಿಯಿಂದ ತೆಗೆದೆ.

ಎಲ್ಲ ಕಡೆ ಕೊರತೆ ದುಡ್ಡಿನದೇ ಅಂತಲೂ ಇಲ್ಲ. ಆಕ್ಸ್‌ಫರ್ಡ್‌ನ ಫ್ಯೂಚರ್ ಆಫ್ ಹ್ಯುಮಾನಿಟಿ ಇನ್‌ಸ್ಟಿಟ್ಯೂಟ್ ಈ ಕ್ಷೇತ್ರದ ದೊಡ್ಡ ಹೆಸರಾಗಿತ್ತು. 2020ರಲ್ಲಿ ವಿಶ್ವವಿದ್ಯಾಲಯದ ವಿಭಾಗವೇ ಅದರ ನೇಮಕಾತಿ, ದೇಣಿಗೆ ಸಂಗ್ರಹ ಎರಡನ್ನೂ ತಡೆಹಿಡಿಯಿತು. 2024ರ ಏಪ್ರಿಲ್‌ನಲ್ಲಿ ಆ ಸಂಸ್ಥೆಯೇ ಬಾಗಿಲು ಮುಚ್ಚಿತು. ಈಗ ವಿಶ್ವವಿದ್ಯಾಲಯದೊಳಗಿನ ಕೇಂದ್ರ ಅಂದರೆ, ಹಣ ಖರ್ಚು ಮಾಡುವ ಅಧಿಕಾರ ಯಾರ ಕೈಯಲ್ಲಿದೆ ಅಂತ ಮೊದಲು ವಿಚಾರಿಸುತ್ತೇನೆ.

ಆಮೇಲೆ ಅವರ ಪ್ರಬಂಧಗಳನ್ನು ಓದೋದು. ಗಣಿತ ಪೂರ್ತಿ ತಲೆಗೆ ಹತ್ತುವುದಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಪ್ರಶ್ನೆ ಸ್ಪಷ್ಟವಾಗಿದೆಯಾ ಅನ್ನೋದು ಯಾರಿಗಾದರೂ ತಿಳಿಯುತ್ತದೆ. ರೆಡ್‌ವುಡ್ ರಿಸರ್ಚ್ 2023ರ ಡಿಸೆಂಬರ್‌ನಲ್ಲಿ ಎಐ ನಿಯಂತ್ರಣದ ಬಗ್ಗೆ ಒಂದು ಪ್ರಬಂಧ ಹೊರತಂದಿತು. ಅದರಲ್ಲಿ ಜಿಪಿಟಿ-4 ಎಂಬ ಎಐ ಮಾದರಿ ನಮಗೆ ಬೇಕಂತಲೇ ಮೋಸ ಮಾಡುತ್ತಿದೆ ಎಂದೇ ಇಟ್ಟುಕೊಳ್ಳುತ್ತಾರೆ. ಅದು ಬರೆದ ಕೋಡ್‌ನಲ್ಲಿ ಗುಟ್ಟಾಗಿ ಸೇರಿಸಿದ ಹಿಂಬಾಗಿಲು ಇದೆಯಾ ಅಂತ ಅದಕ್ಕಿಂತ ದಡ್ಡ, ಆದರೆ ನಂಬಬಹುದಾದ ಜಿಪಿಟಿ-3.5 ಕಾವಲು ಕಾಯುತ್ತದೆ. ತೀರಾ ಅನುಮಾನ ಬಂದ ಕೆಲವನ್ನು ಮಾತ್ರ ಮನುಷ್ಯರು ನೋಡುತ್ತಾರೆ. ಎಷ್ಟು ಮೋಸ ಸಿಕ್ಕಿತು, ಎಷ್ಟು ತಪ್ಪಿಸಿಕೊಂಡಿತು ಎಂದು ಅಳೆಯಬಹುದು. ಸೋತರೂ ಗೊತ್ತಾಗುತ್ತದೆ. ಇಂಥ ಕೆಲಸಕ್ಕೆ ಕೊಡೋಕೆ ನನಗೆ ಹಿಂಜರಿಕೆ ಇಲ್ಲ.

ಕಂಪನಿಗಳ ಎಐ ಮಾದರಿಗಳನ್ನು ಹೊರಗಿನಿಂದ ಪರೀಕ್ಷಿಸುವ ಮೀಟರ್ (METR) ಥರದ ಸಂಸ್ಥೆಗಳಿಗೂ ನನ್ನ ಪಟ್ಟಿಯಲ್ಲಿ ಮೇಲಿನ ಜಾಗ. ಪರೀಕ್ಷೆ ಬರೆಯುವವನೇ ಮೇಷ್ಟ್ರಿಗೆ ಸಂಬಳ ಕೊಡಬಾರದು, ಅಲ್ವಾ?

ಹಳೇ ನಂಬಿಕೆಯ ಮೇಲೆ ಸುಮ್ನೆ ಕೊಡುತ್ತಾ ಹೋಗುವುದೂ ಸರಿಯಲ್ಲ. 2000ದಲ್ಲಿ ಶುರುವಾದ ಮಿರಿ (ಮೆಷಿನ್ ಇಂಟೆಲಿಜೆನ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್) ಬಹುಕಾಲ ಗಣಿತದ ಸಂಶೋಧನೆಗೆ ಹೆಸರಾಗಿತ್ತು. 2024ರ ಜನವರಿಯಲ್ಲಿ, ಇನ್ನು ಮುಂದೆ ನೀತಿ ಮತ್ತು ಜನರಿಗೆ ತಿಳಿಸುವ ಕೆಲಸಕ್ಕೇ ಆದ್ಯತೆ ಎಂದು ಪ್ರಕಟಿಸಿತು. ಒಳ್ಳೆಯದೇ ಇರಬಹುದು, ಆದರೆ ಅದು ಬೇರೆ ಕೆಲಸ.

ಇಷ್ಟೆಲ್ಲ ನೋಡೋಕೆ ಪುರುಸೊತ್ತು ಇಲ್ಲದ ವರ್ಷ, ದೇಣಿಗೆ ಕೂಡಿಸಿ ತಾವೇ ಆರಿಸಿ ಹಂಚುವ ಲಾಂಗ್-ಟರ್ಮ್ ಫ್ಯೂಚರ್ ಫಂಡ್‌ಗೆ ಹಾಕುತ್ತೇನೆ. ಅವರು ಒಬ್ಬಂಟಿ ಸಂಶೋಧಕರಿಗೂ ಸಣ್ಣ ಮೊತ್ತ ಕೊಡುತ್ತಾರೆ, ಅಂಥವರನ್ನು ಹುಡುಕೋದು ನನ್ನಿಂದ ಆಗದ ಮಾತು. ಉಳಿದ ವರ್ಷ ಒಂದೇ ಸಂಸ್ಥೆಗೆ ಪೂರ್ತಿ ಕೊಡುತ್ತೇನೆ, ಇಂಥದ್ದಕ್ಕೇ ಬಳಸಿ ಎಂಬ ಷರತ್ತು ಹಾಕದೆ. ಚಿಕ್ಕ ತಂಡಕ್ಕೆ ಸಂಬಳ, ಬಾಡಿಗೆ ಇರುತ್ತದೆ. ಅದಕ್ಕೆ ಅಂತ ಯಾರೂ ಕೊಡುವುದಿಲ್ಲ.