ಸಿಸೇರಿಯನ್ ನಂತರದ 42 ದಿನ: ಬಾಣಂತನದ ಮನೆಯವರೆಗೆ ಹೋದ ಅಧ್ಯಯನ

ಹೆರಿಗೆಯ ಕುರಿತು ನಮ್ಮಲ್ಲಿರುವ ಅಂಕಿ-ಅಂಶಗಳು ಬಹುಮಟ್ಟಿಗೆ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗುವ ದಿನಕ್ಕೇ ಮುಗಿದುಬಿಡುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ (2015-16) ಕರ್ನಾಟಕದ ಶೇ 23.6ರಷ್ಟು ಹೆರಿಗೆಗಳು ಸಿಸೇರಿಯನ್ ಮೂಲಕ ಆಗಿದ್ದವು, ಐದನೆಯ ಸುತ್ತಿನಲ್ಲಿ (2019-21) ಅದು ಶೇ 31.5ಕ್ಕೆ ಏರಿತು ಎಂಬುದು ತಿಳಿದಿದೆ. 2018-20ರ ಅವಧಿಗೆ ರಾಜ್ಯದ ತಾಯಿ ಮರಣ ಪ್ರಮಾಣ ಒಂದು ಲಕ್ಷ ಜೀವಂತ ಜನನಗಳಿಗೆ 69 ಎಂಬುದೂ ತಿಳಿದಿದೆ. ಆದರೆ ಹೊಟ್ಟೆ ಕೊಯ್ಸಿಕೊಂಡು ಹೆತ್ತವಳು ಮೂರನೆಯ ವಾರದಲ್ಲಿ ನೋವಿಲ್ಲದೆ ಮಗ್ಗುಲು ಬದಲಿಸುತ್ತಾಳೆಯೇ, ಹೊಲಿಗೆ ಕೀವಾಯಿತೇ, ಮಗು ಮಲಗಿದಾಗಲಾದರೂ ಅವಳಿಗೆ ನಿದ್ದೆ ಬರುತ್ತದೆಯೇ ಎಂಬುದು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಬೆಂಗಳೂರಿನ ಒಂದು ಬೋಧನಾ ಆಸ್ಪತ್ರೆಯ ಪ್ರಸೂತಿ ವಿಭಾಗದಲ್ಲಿ ಕೆಲಸ ಮಾಡುವ ನಾನು ಇದನ್ನೇ ಅಧ್ಯಯನದ ವಿಷಯವಾಗಿ ಆರಿಸಿಕೊಂಡಾಗ ಎದುರಾದ ಪ್ರಶ್ನೆಗಳಲ್ಲಿ ವೈದ್ಯಶಾಸ್ತ್ರಕ್ಕೆ ಸೇರಿದವು ಕಡಿಮೆ, ತವರುಮನೆಗೆ ಸೇರಿದವು ಹೆಚ್ಚು.

ಮೊದಲ ತೀರ್ಮಾನ ಹೆಂಗಸರನ್ನು ಅಧ್ಯಯನಕ್ಕೆ ಯಾವಾಗ ಸೇರಿಸಿಕೊಳ್ಳಬೇಕು ಎಂಬುದಾಗಿತ್ತು. ಗರ್ಭಿಣಿಯರನ್ನು ಮೂರನೆಯ ತಿಂಗಳಿನಿಂದಲೇ ಹಿಂಬಾಲಿಸುವ ಅಧ್ಯಯನವೇ ಶ್ರೇಷ್ಠವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಬೆಂಗಳೂರಿನಲ್ಲಿ ತಪಾಸಣೆಗೆ ಬರುವ ಚೊಚ್ಚಲ ಗರ್ಭಿಣಿಯರಲ್ಲಿ ಅನೇಕರು ಸೀಮಂತ ಮುಗಿಸಿಕೊಂಡು ತುಮಕೂರಿಗೋ ಮಂಡ್ಯಕ್ಕೋ ಕೋಲಾರಕ್ಕೋ ತವರಿಗೆ ಹೊರಟುಬಿಡುತ್ತಾರೆ. ಅತ್ತ ಹಾಸನದಲ್ಲೋ ಚಿತ್ರದುರ್ಗದಲ್ಲೋ ತಪಾಸಣೆ ಮಾಡಿಸಿಕೊಂಡವರು, ತವರು ಬೆಂಗಳೂರೆಂಬ ಕಾರಣಕ್ಕೆ ಒಂಬತ್ತನೆಯ ತಿಂಗಳಲ್ಲಿ ಇಲ್ಲಿಗೆ ಬರುತ್ತಾರೆ. ಗರ್ಭಾವಸ್ಥೆಯಲ್ಲೇ ನೋಂದಾಯಿಸಿದರೆ ಪಟ್ಟಿಯಿಂದ ಕಳಚಿಹೋಗುವವರು ಆಕಸ್ಮಿಕವಾಗಿ ಹೋಗುವುದಿಲ್ಲ. ಹೋಗುವವರು ಚೊಚ್ಚಲು, ಉಳಿಯುವವರು ಎರಡನೆಯ ಹೆರಿಗೆಯವರು ಎಂದಾದರೆ ಫಲಿತಾಂಶವೇ ಒಂದು ಕಡೆಗೆ ವಾಲುತ್ತದೆ. ಆದ್ದರಿಂದ ಹೆರಿಗೆ ನಮ್ಮಲ್ಲಾದವರನ್ನು ಮಾತ್ರ ತೆಗೆದುಕೊಂಡು, ಹಿಂದಿನ ವಿವರಗಳನ್ನು ತಾಯಿ ಕಾರ್ಡಿನಿಂದ ಪಡೆಯುವುದೆಂದು ನಿರ್ಧರಿಸಿದೆವು. ಒಪ್ಪಿಗೆಯನ್ನು ಹೆರಿಗೆ ನೋವಿನ ನಡುವೆ ಕೇಳಲಿಲ್ಲ. ಮೊದಲೇ ದಿನ ಗೊತ್ತಾಗಿದ್ದ ಶಸ್ತ್ರಚಿಕಿತ್ಸೆಯಾದರೆ ಹಿಂದಿನ ದಿನ, ತುರ್ತು ಶಸ್ತ್ರಚಿಕಿತ್ಸೆಯಾದರೆ ತಾಯಿ ಚೇತರಿಸಿಕೊಂಡು ಕುಳಿತು ಮಾತನಾಡುವಂತಾದ ಮೇಲೆ ಕೇಳುವುದೆಂಬ ನಮ್ಮ ಕ್ರಮಕ್ಕೆ ಎಥಿಕ್ಸ್ ಸಮಿತಿಯೂ ಸಮ್ಮತಿಸಿತು.

ಯಾರನ್ನು ಯಾರೊಡನೆ ಹೋಲಿಸಬೇಕು ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ರಾಬ್ಸನ್ ವರ್ಗೀಕರಣವನ್ನು ಬಳಸಿದೆವು. 2001ರಲ್ಲಿ ಪ್ರಕಟವಾದ, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಈ ಪದ್ಧತಿ ಹೆರಿಗೆಗೆ ಬಂದ ಪ್ರತಿಯೊಬ್ಬಳನ್ನೂ ಹತ್ತು ಗುಂಪುಗಳಲ್ಲಿ ಒಂದಕ್ಕೆ ಸೇರಿಸುತ್ತದೆ. ಹಿಂದೆ ಹೆರಿಗೆಯಾಗಿದೆಯೇ, ಹಿಂದೆ ಸಿಸೇರಿಯನ್ ಆಗಿದೆಯೇ, ಹೊಟ್ಟೆಯಲ್ಲಿರುವುದು ಒಂದು ಮಗುವೋ ಅವಳಿಯೋ, ಮಗುವಿನ ತಲೆ ಕೆಳಗಿದೆಯೇ, 37 ವಾರ ತುಂಬಿದೆಯೇ, ನೋವು ತಾನಾಗಿ ಬಂತೇ ಎಂಬಿಷ್ಟೇ ಅದಕ್ಕೆ ಬೇಕು, ಮತ್ತು ಇವೆಲ್ಲ ಕೇಸ್ ಶೀಟಿನಲ್ಲೇ ಸಿಗುತ್ತವೆ. ಸಿಗಬೇಕು, ಎನ್ನುವುದು ಹೆಚ್ಚು ಸರಿ. ಕೊನೆಯ ಮುಟ್ಟಿನ ದಿನವನ್ನು ‘ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ’ ಎಂದು ಹೇಳುವವರು ಇನ್ನೂ ಇದ್ದಾರೆ, ಮತ್ತು ದಿನಾಂಕವನ್ನು ಅಂದಾಜಿನಲ್ಲಿ ಹೇಳುವವರಿಗಿಂತ ಅವರ ಲೆಕ್ಕ ಹಲವು ಸಲ ಹೆಚ್ಚು ನಂಬುವಂಥದ್ದು. ಆದರೂ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನ್ ಇದ್ದರೆ ವಾರಗಳನ್ನು ಅದರಿಂದಲೇ ಎಣಿಸುವುದೆಂದು ಮೊದಲೇ ಬರೆದಿಟ್ಟುಕೊಂಡೆವು. ಗುಂಪು ಮಾಡದೆ ‘ಸಿಸೇರಿಯನ್ ಆದವರು’ ಎಂದು ಎಲ್ಲರನ್ನೂ ಒಂದೇ ರಾಶಿಗೆ ಹಾಕಿದರೆ, ಹದಿನೆಂಟು ಗಂಟೆ ನೋವು ತಿಂದು ಕೊನೆಗೆ ಶಸ್ತ್ರಚಿಕಿತ್ಸೆಗೆ ಹೋದವಳೂ, ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರಿಂದ ದಿನ ನೋಡಿಕೊಂಡು ಬಂದು ದಾಖಲಾದವಳೂ ಒಂದೇ ಸಾಲಿನಲ್ಲಿ ಬರುತ್ತಾರೆ. ಇವರ ಚೇತರಿಕೆ ಒಂದೇ ಬಗೆಯದಲ್ಲ.

ಇದೇ ಕಾರಣಕ್ಕೆ, ಶಸ್ತ್ರಚಿಕಿತ್ಸೆಯ ನಂತರ ಬೇಗ ಎದ್ದು ಓಡಾಡಿದವರು ಬೇಗ ಗುಣವಾದರು ಎಂಬ ಮಾತನ್ನು ನಮ್ಮ ದತ್ತಾಂಶದಿಂದ ಹೇಳಲು ನಾನು ಒಪ್ಪಲಿಲ್ಲ. ಬೇಗ ಎದ್ದವರು ರಕ್ತಸ್ರಾವ ಕಡಿಮೆಯಾದವರು, ಜ್ವರವಿಲ್ಲದವರು. ಅವರು ಹೇಗಿದ್ದರೂ ಬೇಗ ಗುಣವಾಗುತ್ತಿದ್ದರು. ಬೇಗ ನಡೆಸುವುದು, ಬೇಗ ಊಟ ಕೊಡುವುದು, ಮೂತ್ರಕ್ಕೆ ಹಾಕಿದ ಕ್ಯಾತೆಟರ್ ನಳಿಕೆಯನ್ನು ಅನಗತ್ಯವಾಗಿ ಉಳಿಸದಿರುವುದು, ಪ್ಯಾರಾಸಿಟಮಾಲ್‌ನಂಥ ನೋವು ನಿವಾರಕವನ್ನು ಕೇಳುವವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಕೊಡುವುದು ಇವೆಲ್ಲವೂ 2018 ಮತ್ತು 2019ರಲ್ಲಿ, ಶಸ್ತ್ರಚಿಕಿತ್ಸೆಯ ನಂತರದ ಬೇಗ ಚೇತರಿಕೆಗಾಗಿ ಕೆಲಸ ಮಾಡುವ ಇರಾಸ್ ಸೊಸೈಟಿ ಸಿಸೇರಿಯನ್‌ಗಾಗಿ ಹೊರತಂದ ಮಾರ್ಗಸೂಚಿಯಲ್ಲಿವೆ, ಮತ್ತು ನಮ್ಮ ವಾರ್ಡಿನಲ್ಲಿ ನಾವು ಅನುಸರಿಸುವುದೂ ಅದನ್ನೇ. ಆದರೆ ಒಂದು ಕ್ರಮವನ್ನು ಅನುಸರಿಸುವುದು ಬೇರೆ, ಅದು ಒಳ್ಳೆಯದೆಂಬುದಕ್ಕೆ ಆದದ್ದನ್ನಷ್ಟೇ ಗಮನಿಸಿ ದಾಖಲಿಸುವ ನಮ್ಮಂಥ ವೀಕ್ಷಣಾ ಅಧ್ಯಯನವನ್ನು ಸಾಕ್ಷಿಯಾಗಿ ನಿಲ್ಲಿಸುವುದು ಬೇರೆ.

ವಾರ್ಡಿನಲ್ಲಿ 24 ಗಂಟೆಯಾದಾಗ ಚೇತರಿಕೆಯನ್ನು ಅಳೆಯಲು ಒಬ್ಸ್‌ಕ್ಯುಒಆರ್-11 ಎಂಬ ಪ್ರಶ್ನಾವಳಿ ಸಾಕಾಯಿತು. ನೋವು, ವಾಕರಿಕೆ, ತಲೆಸುತ್ತು, ನಡುಕ, ಮಗುವನ್ನು ಸಹಾಯವಿಲ್ಲದೆ ಎತ್ತಿಕೊಳ್ಳುವುದು ಮುಂತಾದ ಹನ್ನೊಂದು ಸಂಗತಿಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿಸುವ ಈ ಸಾಧನ ಸರಳವಾಗಿದೆ. ಕಷ್ಟ ಶುರುವಾದದ್ದು ಮನೆಗೆ ಹೋದ ಮೇಲೆ. ಸಿಸೇರಿಯನ್ ಗಾಯದ ಸೋಂಕುಗಳಲ್ಲಿ ಹೆಚ್ಚಿನವು ಡಿಸ್ಚಾರ್ಜ್ ಆದ ಬಳಿಕವೇ ಕಾಣಿಸಿಕೊಳ್ಳುತ್ತವೆ. ಅವನ್ನು ಲೆಕ್ಕಕ್ಕೆ ಹಿಡಿಯಲು 30 ದಿನ ಗಮನಿಸಬೇಕು, ತಾಯಿಯ ಒಟ್ಟು ಸ್ಥಿತಿಗಾದರೆ 42 ದಿನ.

ಅಷ್ಟು ದಿನ ಅವಳಿರುವುದು ಬಾಣಂತಿ ಕೋಣೆಯಲ್ಲಿ, ಫೋನ್ ಇರುವುದು ಗಂಡನ ಜೇಬಿನಲ್ಲಿ, ಗಂಡನಿರುವುದು ಬೆಂಗಳೂರಿನ ಕೆಲಸದಲ್ಲಿ. ಕೇಸ್ ಶೀಟಿನಲ್ಲಿ ಬರೆದ ನಂಬರಿಗೆ ಕರೆ ಮಾಡಿದರೆ ‘ಚೆನ್ನಾಗಿದ್ದಾಳೆ ಮೇಡಂ’ ಎಂಬ ಉತ್ತರ ಸಿಗುತ್ತದೆ. ಸುಳ್ಳೇನಲ್ಲ, ಆದರೆ ಅದನ್ನು ದತ್ತಾಂಶವೆನ್ನಲಾಗುವುದಿಲ್ಲ. ಆದ್ದರಿಂದ ತಾಯಿಯ ಒಪ್ಪಿಗೆ ಪಡೆದು, ಬಾಣಂತನ ಮಾಡುವವರು ಯಾರು ಎಂದು ಕೇಳಿ ಅವರ ನಂಬರನ್ನೂ ಬರೆದುಕೊಂಡೆವು. ಅವಳ ಅಮ್ಮನನ್ನೋ ದೊಡ್ಡಮ್ಮನನ್ನೋ ವಾರ್ಡಿನಲ್ಲೇ ಕಂಡು ಮಾತನಾಡಿಸಿದ್ದರೆ ಮುಂದೆ ಕರೆಯನ್ನು ಅವರೇ ಎತ್ತಿ ಮಗಳ ಕೈಗೆ ಕೊಡುತ್ತಿದ್ದರು. ಬೆಳಗಿನ ಹೊತ್ತು ಎಣ್ಣೆ ನೀರಿನ ಸ್ನಾನ, ಸಾಂಬ್ರಾಣಿ, ಆಮೇಲಿನ ನಿದ್ದೆಯಲ್ಲಿ ಕಳೆಯುವುದರಿಂದ ಮಧ್ಯಾಹ್ನದ ನಂತರವೇ ಕರೆ. ಕನ್ನಡದ ಜೊತೆಗೆ ತೆಲುಗು, ತಮಿಳು, ಉರ್ದು ಬಲ್ಲ ನರ್ಸ್‌ಗಳು ಇಲ್ಲದಿದ್ದರೆ ಈ ಊರಿನಲ್ಲಿ ಇಂಥ ಕೆಲಸ ಆಗುವುದೇ ಇಲ್ಲ.

ಪ್ರಶ್ನೆಗಳ ವಿಷಯದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಚಲನೆಯ ಜೊತೆ ಸೇರಿಸಿ ಕೇಳುವ ಕ್ರಮ. ‘ನೋವಿದೆಯೇ’ ಎಂದರೆ ‘ಹೆತ್ತ ಮೇಲೆ ಇರುತ್ತಲ್ಲ’ ಎಂದು ಮುಗಿಸುವವಳೇ, ಮಲಗಿದಲ್ಲಿಂದ ಏಳುವಾಗ, ಕೆಮ್ಮುವಾಗ, ಮಗುವನ್ನು ಎತ್ತುವಾಗ ಎಂದು ಬೇರೆಬೇರೆಯಾಗಿ ಕೇಳಿದರೆ ಬೇರೆಬೇರೆ ಅಂಕ ಹೇಳುತ್ತಿದ್ದಳು. ಪಥ್ಯದ ಬಗ್ಗೆಯೂ ಕೇಳಿದೆವು, ಟೀಕಿಸುವ ದನಿಯಿಲ್ಲದೆ. ನೀರು ಹೆಚ್ಚು ಕುಡಿದರೆ ಶೀತ, ಬದನೆಕಾಯಿ ಆಲೂಗಡ್ಡೆ ತಿಂದರೆ ಹೊಲಿಗೆಗೆ ನಂಜು ಎಂಬ ನಂಬಿಕೆ ಬಲವಾಗಿದೆ. ಬೆಳ್ಳುಳ್ಳಿ, ಮೆಣಸಿನ ಸಾರಿನ ಬಗ್ಗೆ ನನ್ನ ತಕರಾರಿಲ್ಲ. ಹಾಲೂಡಿಸುವವಳಿಗೆ ನೀರನ್ನು ಲೋಟದ ಲೆಕ್ಕದಲ್ಲಿ ಕೊಡುವುದು ಮಾತ್ರ ಮಲಬದ್ಧತೆಗೆ ದಾರಿ, ಮತ್ತು ಹೊಲಿಗೆಯ ಮೇಲೆ ಮುಕ್ಕುವುದು ಎಷ್ಟು ಹಿಂಸೆಯೆಂದು ಆ ತಾಯಂದಿರೇ ಹೇಳಿದರು. ಅರಿವಳಿಕೆಗೆಂದು ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ಜೀವಮಾನದ ಸೊಂಟನೋವು ಎಂಬ ದೂರನ್ನೂ ಎಲ್ಲೆಡೆ ಕೇಳಿದೆವು. ಅದನ್ನು ಪರಿಶೀಲಿಸಲು ಸಹಜ ಹೆರಿಗೆಯಾದವರಿಗೂ ಅದೇ ಪ್ರಶ್ನೆ ಹಾಕಲೇಬೇಕಿತ್ತು. ಅರಿವಳಿಕೆಯನ್ನೇ ಪಡೆಯದವರಲ್ಲೂ ಸೊಂಟನೋವು ಸಾಮಾನ್ಯವೆಂಬುದು ಆಗ ಮಾತ್ರ ಕಾಣುತ್ತದೆ.

ಗಾಯದ ಚಿತ್ರವನ್ನು ಫೋನಿನಲ್ಲಿ ಕಳುಹಿಸಿ ಎಂದು ಕೇಳುವ ಸಲಹೆ ಬಂದಿತ್ತು. ಒಪ್ಪಿದವರಿಂದ ಮಾತ್ರ, ಮುಖವಾಗಲಿ ಹೆಸರಾಗಲಿ ಇಲ್ಲದಂತೆ, ಅಧ್ಯಯನಕ್ಕಾಗಿಯೇ ಇಟ್ಟ ಒಂದೇ ಫೋನಿಗೆ ಎಂಬ ಷರತ್ತಿನ ಮೇಲೆ ಅದನ್ನು ಒಪ್ಪಿಕೊಂಡೆ.

ಮನಸ್ಸಿನ ಸ್ಥಿತಿಗೆ ಬಳಸಿದ್ದು ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸುವ 1987ರ ಎಡಿನ್‌ಬರೋ ಮಾಪಕ, ಹತ್ತು ಪ್ರಶ್ನೆಗಳದು. ಅದರ ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಇದನ್ನು ಸ್ಪೀಕರ್ ಹಾಕಿದ ಫೋನಿನಲ್ಲಿ ಕೇಳಬಾರದು. ಪಕ್ಕದಲ್ಲಿ ಯಾರೂ ಇಲ್ಲವೆಂದು ಅವಳೇ ಹೇಳಬೇಕು, ಇಲ್ಲವಾದರೆ ಇನ್ನೊಂದು ದಿನ. ‘ಹೌದು’ ಎಂಬ ಉತ್ತರ ಬಂದರೆ ಅಂದೇ ನಮ್ಮ ಮನೋವೈದ್ಯರು ಅವಳೊಡನೆ ಮಾತನಾಡುವುದು, ನಿಮ್ಹಾನ್ಸ್‌ಗೆ ಕಳುಹಿಸಲು ಏರ್ಪಾಡು ಮಾಡುವುದು, ಅವಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆ ತಿಳಿಸುವುದು ಎಂಬ ಕ್ರಮ ಸಿದ್ಧವಾಗುವವರೆಗೆ ಆ ಪ್ರಶ್ನಾವಳಿಯನ್ನು ಆರಂಭಿಸಲಿಲ್ಲ. ಉತ್ತರಕ್ಕೆ ಏನು ಮಾಡುತ್ತೇವೆಂದು ಗೊತ್ತಿಲ್ಲದೆ ಅಂಥ ಪ್ರಶ್ನೆ ಕೇಳುವುದು ಸಂಶೋಧನೆಯಲ್ಲ.

ಇಷ್ಟಾದರೂ ಸಿಗದೇ ಹೋದವರಿದ್ದರು. ಅವರನ್ನು ಬಿಟ್ಟು ಉಳಿದವರ ಸರಾಸರಿ ಹೇಳಿ ಸುಮ್ಮನಾಗುವುದು ವಾಡಿಕೆ. ನಾವು ಮೊದಲು ಸಿಕ್ಕವರ ಮತ್ತು ಸಿಗದವರ ವಯಸ್ಸು, ರಾಬ್ಸನ್ ಗುಂಪು, ಹಿಮೋಗ್ಲೋಬಿನ್, ಊರಿನ ದೂರ ಇವನ್ನು ಅಕ್ಕಪಕ್ಕ ಇಟ್ಟೆವು. ಆಮೇಲೆ ಸಿಗದವರಲ್ಲಿ ಯಾರಿಗೂ ಸೋಂಕಾಗಿಲ್ಲ ಎಂದುಕೊಂಡು ಒಮ್ಮೆ, ಎಲ್ಲರಿಗೂ ಆಗಿದೆ ಎಂದುಕೊಂಡು ಒಮ್ಮೆ ಲೆಕ್ಕ ಹಾಕಿ, ನಿಜವಾದ ಪ್ರಮಾಣ ಈ ಎರಡು ಅಂಚುಗಳ ನಡುವೆ ಇದೆ ಎಂದು ಬರೆದೆವು. ಅಂಚುಗಳ ನಡುವಿನ ಅಂತರ ದೊಡ್ಡದು ಎಂದು ಹುಬ್ಬೇರಿಸಿದ ಸಹೋದ್ಯೋಗಿಗಳಿದ್ದಾರೆ. ಅಂತರವನ್ನು ಕಿರಿದುಮಾಡಲು ಇರುವ ದಾರಿ ಹೆಚ್ಚು ಜನರನ್ನು ತಲುಪುವುದೊಂದೇ. ಅದಕ್ಕಾಗಿ ಈಗ ಡಿಸ್ಚಾರ್ಜ್ ದಿನದ ತಿಳಿವಳಿಕೆಯನ್ನು ಬಾಣಂತನ ಮಾಡುವವರು ವಾರ್ಡಿಗೆ ಬರುವ ಹೊತ್ತಿಗೇ ಇಟ್ಟುಕೊಂಡು, ಗಾಯ ಕೆಂಪಾದರೆ, ಸೋರಿದರೆ, ಜ್ವರ ಬಂದರೆ ಯಾರಿಗೆ ಕರೆ ಮಾಡಬೇಕೆಂಬುದನ್ನು ಅವರ ಎದುರಿಗೇ ತಾಯಿ ಕಾರ್ಡಿನ ಮೇಲೆ ಬರೆದುಕೊಡುತ್ತಿದ್ದೇವೆ.